ಬಿಚ್ಚಬಾರದ ಒಂದು ನಟ್

ದಸರಾ ರಜೆ ಮುಗಿದ ಮೊದಲ ದಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಮೇಡಂ ನನ್ನ ಉಗುರುಗಳನ್ನು ನೋಡಿ, "ಇದೆಂಥ ಮೆಹಂದಿ ಮಾರಾಯ್ತಿ, ಕಪ್ಪು ಬಣ್ಣದ್ದು?" ಎಂದು ಕೇಳಿದರು. "ಮೆಹಂದಿ ಅಲ್ಲ ಮೇಡಂ, ಗ್ರೀಸ್. ಮನೆಯಲ್ಲಿ ಕಾರಿನ ಶಾಕ್ ಬದಲಾಯಿಸಿದೆವು" ಎಂದೆ. ಇಡೀ ಬ್ಯಾಚ್ ನಕ್ಕಿತು. ಮೇಡಂ ನಗಲಿಲ್ಲ. "ಅದನ್ನೇ ನಮ್ಮ ಪತ್ರಿಕೆಗೆ ಬರಿ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವುದು ಹಳೆಯ ಮಾರುತಿ 800. ಈ ಕಾರು ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಬ್ಬ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು ಮುಖ್ಯವಾಗಿ ಅಜ್ಜಿಗಾಗಿ. ಅಜ್ಜಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ವಿಟ್ಲದ ಹತ್ತಿರದ ನಮ್ಮ ಮನೆಯಿಂದ ಸಾಲೆತ್ತೂರು, ಮುಡಿಪು ದಾಟಿ ದೇರಳಕಟ್ಟೆಗೆ ಹೋಗಬೇಕು. ದಾರಿ ತುಂಬ ಏರು, ಇಳಿಜಾರು, ತಿರುವು.

ಕೆಲವು ತಿಂಗಳಿಂದ ಹೊಂಡಕ್ಕೆ ಇಳಿದರೆ ಕಾರಿನ ಮೂತಿ ಮೂರ್ನಾಲ್ಕು ಸಲ ತೂಗುತ್ತಿತ್ತು. ತಮ್ಮ "ಉಯ್ಯಾಲೆ, ಉಯ್ಯಾಲೆ" ಎಂದು ಖುಷಿಪಡುತ್ತಿದ್ದ. ಅಜ್ಜಿ ಮಾತ್ರ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಹಳೇ ಕಾರು, ಹಾಳು ರಸ್ತೆ, ಇಷ್ಟೇ ಎಂದುಕೊಂಡು ನಾವು ಸುಮ್ಮನಿದ್ದೆವು.

ಸೆಪ್ಟೆಂಬರ್‌ನ ಒಂದು ಸಂಜೆ ಆಸ್ಪತ್ರೆಯಿಂದ ವಾಪಸಾಗುತ್ತಿದ್ದೆವು. ಜಡಿಮಳೆ. ಇಳಿಜಾರಿನಲ್ಲಿ ಎದುರಿಗೆ ದನ ಬಂತು, ಅಬ್ಬ ಬ್ರೇಕ್ ಒತ್ತಿದರು. ಅಲ್ಲಿ ರಸ್ತೆ ಅಲೆಅಲೆಯಾಗಿ ಎದ್ದಿತ್ತು. ಕಾರಿನ ಮೂತಿ ನೆಲಕ್ಕೆ ಬಾಗಿತು, ಮುಂದಿನ ಚಕ್ರಗಳು ಟಪಟಪ ಕುಣಿದವು, ಕಾರು ನಿಲ್ಲದೆ ಜಾರಿತು. ನಿಂತದ್ದು ಚರಂಡಿಗೆ ಒಂದು ಗೇಣು ಇರುವಾಗ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಬ್ಬನ ಕೈ ಸ್ಟೇರಿಂಗ್ ಮೇಲೆ ನಡುಗುತ್ತಿದ್ದುದನ್ನು ನಾನು ನೋಡಿದೆ.

ಬ್ರೇಕ್ ಹೋಗಿದೆ ಎಂದೇ ನಾವು ತಿಳಿದೆವು. ಪರೀಕ್ಷಿಸಿದರೆ ಬ್ರೇಕ್ ಸರಿಯಿತ್ತು. ದಮ್ಮಾಮ್‌ನಲ್ಲಿ ಮೆಕ್ಯಾನಿಕ್ ಆಗಿರುವ ಅಣ್ಣನಿಗೆ ರಾತ್ರಿ ಫೋನಿನಲ್ಲಿ ಹೇಳಿದಾಗ ಅವನು ಕೇಳಿದ್ದು ಒಂದೇ: "ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಟ್ಟು ನೋಡಿ. ಎಷ್ಟು ಸಲ ಕುಣಿಯುತ್ತದೆ?" ಒತ್ತಿ ಬಿಟ್ಟೆ. ಒಳ್ಳೆಯ ಶಾಕ್ ಇದ್ದರೆ ಒಮ್ಮೆ ಎದ್ದು ನಿಲ್ಲಬೇಕು. ನಮ್ಮದು ಮೂರು ಸಲ ಕುಣಿಯಿತು. ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿದರೆ ಶಾಕಿನ ಮೈಮೇಲೆ ಎಣ್ಣೆ ಸೋರಿ ಧೂಳು ಅಂಟಿತ್ತು. ಟಯರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು.

ಶಾಕ್ ಎಂದರೆ ಕುಲುಕಾಟ ತಡೆಯುವ ವಸ್ತು ಎಂದಷ್ಟೇ ನಾನು ತಿಳಿದಿದ್ದೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಒತ್ತಿದ ಸ್ಪ್ರಿಂಗ್ ಬಿಟ್ಟ ಕೂಡಲೇ ಆಂದೋಲನೆ ಶುರು ಮಾಡುತ್ತದೆ, ಮೊದಲ ಪಿಯುಸಿ ಭೌತಶಾಸ್ತ್ರದಲ್ಲಿ ನಾವೆಲ್ಲ ಓದಿದ್ದೇವಲ್ಲ, ಅದೇ. ಆ ಕುಣಿತವನ್ನು ನಿಲ್ಲಿಸುವುದು ಶಾಕ್. ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್. ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಶಾಕ್ ಸವೆದರೆ ಚಕ್ರ ಕುಣಿಯುತ್ತಲೇ ಇರುತ್ತದೆ. ಕುಣಿಯುವ ಚಕ್ರ ಅರೆಕ್ಷಣ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಎಂಥ ಒಳ್ಳೆ ಬ್ರೇಕ್ ಇದ್ದರೂ ಏನು ಪ್ರಯೋಜನ? ನಮಗೆ ಆ ಸಂಜೆ ಆದದ್ದು ಅದು.

ಅಣ್ಣ ಹಣ ಕಳಿಸಿದ, ಅಬ್ಬ ಮಂಗಳೂರಿನಿಂದ ಮುಂದಿನ ಎರಡೂ ಶಾಕ್ ತಂದರು. ಒಂದೇ ಕಡೆ ಸೋರಿದರೂ ಎರಡೂ ಕಡೆ ಒಟ್ಟಿಗೆ ಬದಲಾಯಿಸಬೇಕು, ಇಲ್ಲದಿದ್ದರೆ ಎಡಬಲ ಬೇರೆ ಬೇರೆ ಆಗುತ್ತದೆ ಎಂದು ಅಣ್ಣ ಮೊದಲೇ ಹೇಳಿದ್ದ. ಕೂಲಿ ಉಳಿಸಲು ಮನೆಯಲ್ಲೇ ಮಾಡುವುದೆಂದು ತೀರ್ಮಾನವಾಯಿತು. ರಜೆಯ ಶುಕ್ರವಾರ ಬೆಳಿಗ್ಗೆ ಅಣ್ಣ ವಿಡಿಯೋ ಕರೆ ಮಾಡಿದ. ಅವನಿಗೆ ಅಂದು ವಾರದ ರಜೆ. ನಮಗೆ ಎಂಟು ಗಂಟೆ, ಅಲ್ಲಿ ಐದೂವರೆ.

ಅಂಗಳದ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆವು. ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟೆವು. ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿದೆವು. ಜಾಕ್ ಕೊಟ್ಟು ಎತ್ತಿದ ಮೇಲೆ ಅಬ್ಬ ಅಡಿಗೆ ಕೆಂಪು ಕಲ್ಲು ಇಡಲು ಹೊರಟರು. ಅಣ್ಣ ಫೋನಿನಿಂದಲೇ ಕೂಗಿದ: "ಕೆಂಪು ಕಲ್ಲು ಬೇಡ! ಅದು ಹೇಳದೆ ಕೇಳದೆ ಸೀಳುತ್ತದೆ." ಪಕ್ಕದ ಮನೆಯ ಪಿಕಪ್ ಚಾಲಕರಿಂದ ಎರಡು ಜಾಕ್ ಸ್ಟ್ಯಾಂಡ್ ತಂದೆವು. ಜಾಕ್ ಇರುವುದು ಎತ್ತಲು, ಹೊತ್ತುಕೊಂಡಿರಲು ಅಲ್ಲ ಎಂಬ ಪಾಠ ಅಲ್ಲಿ ಆಯಿತು. ಬಿಚ್ಚಿದ ಚಕ್ರಗಳನ್ನೂ ಕಾರಿನ ಅಡಿಗೆ ಮಲಗಿಸಿದೆವು, ಸ್ಟ್ಯಾಂಡ್ ಜಾರಿದರೂ ಕಾರು ಅವುಗಳ ಮೇಲೆ ಕೂರಲಿ ಎಂದು.

ಮಾರುತಿ 800ರ ಮುಂಭಾಗದಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಬೇರೆ ಬೇರೆ ಇರುವುದಿಲ್ಲ. ಶಾಕಿನ ಸುತ್ತ ಸ್ಪ್ರಿಂಗ್ ಕೂತು ಒಂದೇ ಕಂಬದಂತಿರುತ್ತದೆ. ಇದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ್ದು. ಜಾಗ ಕಡಿಮೆ ಸಾಕು, ಖರ್ಚೂ ಕಡಿಮೆ, ಹಾಗಾಗಿ ಸಣ್ಣ ಕಾರುಗಳಿಗೆ ಒಗ್ಗಿಕೊಂಡಿತು.

ಬ್ರೇಕ್ ಪೈಪನ್ನು ಸ್ಟ್ರಟ್‌ನಿಂದ ಬಿಡಿಸಿದೆವು. ಚಕ್ರ ಕೂರುವ ಕಬ್ಬಿಣಕ್ಕೆ ಸ್ಟ್ರಟ್ ಸೇರುವಲ್ಲಿ ಎರಡು ದೊಡ್ಡ ಬೋಲ್ಟ್‌ಗಳು. ಮೊದಲಿದ್ದ ಜಾಗ ತಿಳಿಯಲೆಂದು ನಾನು ಬಿಳಿ ಪೇಂಟಿನಲ್ಲಿ ಗುರುತು ಹಾಕಿದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರೂ ಅವು ಅಲುಗಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಅಬ್ಬ ತಳ್ಳಿದಾಗ 'ಕಟಕ್' ಎಂದು ಬಿಟ್ಟಿತು. ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ ಚಕ್ರದ ಭಾಗವನ್ನು ಹಗ್ಗದಿಂದ ಕಟ್ಟಿದೆವು. ಕೊನೆಗೆ ಬಾನೆಟ್ ಒಳಗಿನ ಮೇಲ್ಭಾಗದ ನಟ್‌ಗಳು. ಅಲ್ಲಿ ಅಣ್ಣ ತಡೆದ. "ಸುತ್ತ ಇರುವ ನಟ್‌ಗಳು ಮಾತ್ರ. ನಡುವಿನದ್ದನ್ನು ಮುಟ್ಟಬೇಡಿ."

ಮಧ್ಯಾಹ್ನ ಜುಮಾಕ್ಕೆ ಹೋಗುವ ಮೊದಲೇ ಎರಡೂ ಸ್ಟ್ರಟ್ ಜಗಲಿಯ ಮೇಲಿದ್ದವು. ಅರ್ಧ ಕೆಲಸ ಮುಗಿಯಿತೆಂದು ನಾನು ಹಿಗ್ಗಿದ್ದೆ.

ನಿಜವಾದ ಕಷ್ಟ ಆಮೇಲೆ ಬಂತು. ಹಳೆ ಶಾಕ್ ತೆಗೆಯಲು ಆ ನಡುವಿನ ನಟ್ ಬಿಚ್ಚಲೇಬೇಕು. ಆದರೆ ಕಾರಿನಿಂದ ಹೊರಗಿದ್ದರೂ ಸ್ಪ್ರಿಂಗ್ ಪೂರ್ತಿ ಬಿಡಿಸಿಕೊಂಡಿರುವುದಿಲ್ಲ, ಆ ಒಂದು ನಟ್ ಅದನ್ನು ಒತ್ತಿ ಹಿಡಿದಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಎರಡೂ ಬದಿ ಸಮವಾಗಿ ಬಿಗಿದು, ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸಡಿಲವಾದ ಮೇಲೆ ನಟ್ ತೆಗೆಯಬೇಕು. ಕಂಪ್ರೆಸರ್ ಕೊಡುತ್ತೇನೆಂದಿದ್ದ ಗ್ಯಾರೇಜಿನವರು "ಕೆಲಸದಲ್ಲಿದೆ, ನಾಳೆ ಬನ್ನಿ" ಎಂದರು. ನಾಳೆ ಶನಿವಾರ, ಅಜ್ಜಿಯ ಡಯಾಲಿಸಿಸ್ ದಿನ. ಕಾರು ಅಂಗಳದಲ್ಲಿ ಕಾಲಿಲ್ಲದೆ ನಿಂತಿದೆ.

ನೋಡಲು ಬಂದ ಒಬ್ಬರು, "ದಪ್ಪ ತಂತಿಯಿಂದ ಸ್ಪ್ರಿಂಗ್ ಕಟ್ಟಿ ಬಿಚ್ಚಿಬಿಡಿ, ನಾವೆಲ್ಲ ಹಾಗೇ ಮಾಡಿದ್ದು" ಎಂದರು. ಅಬ್ಬ ತಂತಿ ಹುಡುಕತೊಡಗಿದರು. ನಿಜ ಹೇಳಬೇಕೆಂದರೆ, ತಂತಿ ಹುಡುಕಿಕೊಟ್ಟದ್ದು ನಾನೇ. ಎರಡು ಸುತ್ತು ಕಟ್ಟಿಯೂ ಆಗಿತ್ತು. ಮನಸ್ಸಿಗೆ ಯಾಕೋ ಸರಿ ಕಾಣದೆ ಅಣ್ಣನಿಗೆ ಕರೆ ಮಾಡಿ ಫೋನನ್ನು ಸ್ಟ್ರಟ್ ಕಡೆ ತಿರುಗಿಸಿದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ನಾನು ಕೆಲಸ ಕಲಿಯುವಾಗ ಒಬ್ಬರು ಹೀಗೇ ಬಿಚ್ಚಿದರು. ಸ್ಪ್ರಿಂಗ್ ಮಾಡಿನ ಶೀಟು ತೂತು ಮಾಡಿಕೊಂಡು ಹೋಯಿತು. ಅದರ ದಾರಿಯಲ್ಲಿ ಯಾರ ಮುಖವೂ ಇರಲಿಲ್ಲ, ಅಷ್ಟೆ. ಅಬ್ಬ, ಅದನ್ನು ಕೆಳಗಿಡಿ."

ಅಬ್ಬ ಕೆಳಗಿಟ್ಟರು. ತಂತಿಯನ್ನು ನಾನೇ ಬಿಚ್ಚಿದೆ. ಮರುದಿನ ಅಜ್ಜಿ ಆಟೋದಲ್ಲಿ ಹೋದರು. ಉಳಿಸಬೇಕೆಂದಿದ್ದ ಕೂಲಿಯ ಒಂದು ಪಾಲು ಆಟೋಗೆ, ಇನ್ನೊಂದು ಪಾಲು ಗ್ಯಾರೇಜಿಗೆ ಹೋಯಿತು. ಗ್ಯಾರೇಜಿನಲ್ಲಿ ಕಂಪ್ರೆಸರ್ ಹಾಕಿ ಅವರು ಎರಡೂ ಸ್ಪ್ರಿಂಗ್‌ಗಳನ್ನು ಹೊಸ ಶಾಕ್‌ಗಳಿಗೆ ಕೂರಿಸಿಕೊಟ್ಟರು. ಹಳೆ ಶಾಕಿನ ಸರಳನ್ನು ನಾನು ಬೆರಳಿನಿಂದ ಒತ್ತಿದೆ, ತಡೆಯೇ ಇಲ್ಲದೆ ಒಳಗೆ ಹೋಯಿತು. ಹೊಸದನ್ನು ಒತ್ತಲು ಮೈಭಾರ ಹಾಕಬೇಕಾಯಿತು.

ಉಳಿದದ್ದನ್ನು ಮನೆಯಲ್ಲಿ ಅಬ್ಬ ಮತ್ತು ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಮಾಡಿದೆವು. ಬಿಳಿ ಗುರುತಿಗೆ ಸರಿಹೊಂದಿಸಿ ಬೋಲ್ಟ್ ಬಿಗಿದೆವು, ಬ್ರೇಕ್ ಪೈಪನ್ನು ಮರಳಿ ಸಿಕ್ಕಿಸಿದೆವು, ಕಾರು ಇಳಿಸಿದ ಮೇಲೆ ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿದೆವು. ಸೋಮವಾರ ವೀಲ್ ಅಲೈನ್‌ಮೆಂಟ್ ಮಾಡಿಸಿ, ಚಕ್ರದ ನಟ್‌ಗಳನ್ನು ಇನ್ನೊಮ್ಮೆ ನೋಡಿದೆವು.

ಮಂಗಳವಾರ ಅದೇ ಇಳಿಜಾರು. ನಾನು ಉಸಿರು ಹಿಡಿದು ಕೂತಿದ್ದೆ. ಅಬ್ಬ ಬ್ರೇಕ್ ಒತ್ತಿದರು, ಕಾರು ಸುಮ್ಮನೆ ನಿಧಾನವಾಯಿತು. ಹಿಂದೆ ತಿರುಗಿ ನೋಡಿದರೆ ಅಜ್ಜಿಯ ಕೈಗಳು ಮಡಿಲಲ್ಲಿದ್ದವು. ನಿದ್ದೆ ಹೋಗಿದ್ದರು.

ಗೆಳತಿಯರೇ, ಗೆಳೆಯರೇ, ಇಂದು ಸಂಜೆ ನಿಮ್ಮ ಮನೆಯ ಕಾರಿನ ಬಾನೆಟ್ ಮೂಲೆಯನ್ನು ಒಮ್ಮೆ ಒತ್ತಿ ಬಿಟ್ಟು ನೋಡಿ. ಕುಣಿದರೆ ಮನೆಯವರಿಗೆ ಹೇಳಿ. ಕೆಲಸ ಕಲಿಯುವ ಆಸೆಯಿದ್ದರೆ ಕಲಿಯಿರಿ, ಗ್ರೀಸ್ ನಾಲ್ಕು ದಿನಕ್ಕೆ ಹೋಗುತ್ತದೆ. ಆದರೆ ಯಾವ ನಟ್ ನಿಮ್ಮದು, ಯಾವುದು ನಿಮ್ಮದಲ್ಲ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ನಾನು ತಂತಿ ಹುಡುಕಿಕೊಟ್ಟವಳು, ಅದಕ್ಕೇ ಹೇಳುತ್ತಿದ್ದೇನೆ.