ಬಂಗು ಅಂದುಕೊಂಡದ್ದು

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಅಕ್ಕಪಕ್ಕದವರ ಮನೆಯ ಕಷ್ಟಸುಖವೆಲ್ಲ ಕಿವಿಗೆ ಬಿದ್ದಿರುತ್ತದೆ. ‘ಹುಡುಗಿ ಕೆನ್ನೆ ಮ್ಯಾಲೆ ಬಂಗು ಬಂದೈತಿ, ಬಿಸಿಲಿಗೆ ಹೋದ್ರೆ ಜಾಸ್ತಿ ಆಗತೈತಿ, ಕೈಗಂಟು ನೋವು ಬ್ಯಾರೆ’ ಅಂತ ಒಬ್ಬರೆಂದರೆ, ‘ರಕ್ತ ಕಮ್ಮಿ ಇರಬೇಕು, ಮದುವಿ ಆದ್ರೆ ಸರಿಹೋಗತೈತಿ’ ಅನ್ನುವವರು ಹಿಂದಿನ ಸೀಟಿನಲ್ಲೇ ಇರುತ್ತಾರೆ. ಈ ಮಾತು ಕೇಳಿದರೆ ನನ್ನ ಜೀವ ತಡೆಯುವುದಿಲ್ಲ. ಬಂಗು ಬರೀ ಕಂದು ಕಲೆ. ಮೂಗಿನ ಮೇಲೆ ಹಾದು ಎರಡೂ ಕೆನ್ನೆಗೆ ಚಿಟ್ಟೆಯಾಕಾರದಲ್ಲಿ ಹರಡಿದ ಕೆಂಪು, ಅದರ ಜೊತೆ ಗಂಟುನೋವು, ಸುಸ್ತು, ಕೂದಲು ಉದುರುವುದು ಇದ್ದರೆ ಅದು ಲೂಪಸ್ ಇರಬಹುದು. ಮೈ ಕಾಯಬೇಕಾದ ರೋಗನಿರೋಧಕ ಕೋಶಗಳೇ ಮೈಮೇಲೆ ಬೀಳುವ ಕಾಯಿಲೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಯಾಕೆ ಬೀಳುತ್ತವೆ? ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರಿಗೆ ನೂಲಿನ ಮಾತು ಬೇಗ ಹಿಡಿಸೀತು. ಒಂದೊಂದು ಕೋಶದೊಳಗೂ ಸುಮಾರು 2 ಮೀಟರ್ ಡಿಎನ್‌ಎ, ಕಂಡಿಕೆಗೆ ಸುತ್ತಿದ ನೂಲಿನ ಹಾಗೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆಯ ಜೀನ್ ಸುಮ್ಮನಿರುತ್ತದೆ, ಸಡಿಲವಾದ ಕಡೆಯದು ಕೆಲಸಕ್ಕೆ ಇಳಿಯುತ್ತದೆ. ಯಾವುದು ಸುಮ್ಮನಿರಬೇಕು ಅನ್ನುವುದಕ್ಕೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳೂ ಇವೆ. ಲೂಪಸ್ ಇದ್ದವರ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಈ ಗುರುತುಗಳು ಕಡಿಮೆಯಾಗಿ, ತೆಪ್ಪಗಿರಬೇಕಾದ ಜೀನುಗಳು ಎದ್ದು ಕೂರುತ್ತವೆ. ವೈರಸ್ ಬಂದಾಗ ಮಾತ್ರ ಏಳಬೇಕಾದ ಇಂಟರ್‌ಫೆರಾನ್ ಜೀನುಗಳು ವೈರಸ್ಸೇ ಇಲ್ಲದೆ ದುಡಿಯುತ್ತಲೇ ಇರುತ್ತವೆ.

ಹೃದಯದ ಬಡಿತ ಸರಿಪಡಿಸುವ ಪ್ರೊಕೈನಮೈಡ್ ಎಂಬ ಔಷಧಿ ಇದೇ ಮೀಥೈಲ್ ಗುರುತನ್ನು ತಗ್ಗಿಸುತ್ತದೆ. ಅದನ್ನು ಬಹುಕಾಲ ತೆಗೆದುಕೊಂಡ ಕೆಲವರಿಗೆ ಲೂಪಸ್‌ನಂಥದೇ ಕಾಯಿಲೆ ಬಂದು, ಔಷಧಿ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಇಳಿದಿದೆ. ಇನ್ನು ಒಂದೇ ಜೀನುಗಳ ಅವಳಿಗಳಲ್ಲಿ ಒಬ್ಬಳಿಗೆ ಬಂದದ್ದು ಇನ್ನೊಬ್ಬಳಿಗೆ ಎಷ್ಟೋ ಸಲ ಬರುವುದೇ ಇಲ್ಲ. ಅಂದರೆ ಜೀನುಗಳಷ್ಟೇ ಕಾರಣವಲ್ಲ. ಹೆಂಗಸರಿಗೇ ಹೆಚ್ಚು ಬರುವುದಕ್ಕೂ ಇಂಥದೇ ಒಂದು ಕಾರಣವಿರಬಹುದು: ಹೆಣ್ಣಿನ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮೌನವಾಗಿರಬೇಕು. ಅಲ್ಲಿರುವ, ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಟಿಎಲ್‌ಆರ್‌7 ಜೀನ್ ಕೆಲವು ಕೋಶಗಳಲ್ಲಿ ಆ ಮೌನ ಮುರಿಯುತ್ತದೆ. ಇಷ್ಟು ತಿಳಿದ ಮೇಲೂ ಹುಡುಗಿಯ ಗ್ರಹಚಾರವನ್ನೋ ನಡತೆಯನ್ನೋ ದೂರುವುದು ಅನ್ಯಾಯ. ಇದು ಅಂಟುಜಾಡ್ಯವೂ ಅಲ್ಲ.

1965ರಲ್ಲೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದ ಊರು ದಾವಣಗೆರೆ. ಹರಿಹರದವರಿಗೆ ತಜ್ಞ ವೈದ್ಯರು ದೂರವಿಲ್ಲ. ರಕ್ತದಲ್ಲಿ ಎಎನ್‌ಎ ಎಂಬ ಪ್ರತಿಕಾಯ ಇದೆಯೇ ಎಂದು ನೋಡಿಸಿ, ಮೂತ್ರಪರೀಕ್ಷೆಯನ್ನಂತೂ ಬಿಡಬೇಡಿ. ಈ ಕಾಯಿಲೆ ಮೂತ್ರಪಿಂಡವನ್ನು ನೋವಿಲ್ಲದೆಯೇ ಕೆಡಿಸಬಲ್ಲದು. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ಬರೆದುಕೊಟ್ಟರೆ, ಆರಾಮಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.