ಅಂಕಗಣಿತದ ಒಂದು ಸೋಜಿಗ

ನಾಸಿಕದ ಸಮೀಪದ ದೇವಳಾಲಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಅವರಿಗೆ ಸ್ನಾತಕೋತ್ತರ ಪದವಿಯಿರಲಿಲ್ಲ. ಅಂಕಿಗಳ ಮೇಲೆ ಅಪಾರವಾದ ಅಕ್ಕರೆಯಿತ್ತು. 1949ರಲ್ಲಿ ಅವರು ಪ್ರಕಟಪಡಿಸಿದ ಸೋಜಿಗವಿದು.

ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದಾದರೊಂದು ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಬೇಕು. ಅದೇ ಅಂಕಿಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಬೇಕು. ಬಂದ ಉತ್ತರ ಮೂರಂಕಿಯದಾದರೆ ಮುಂದೊಂದು ಸೊನ್ನೆಯನ್ನಿಟ್ಟು, ಅದೇ ಕ್ರಿಯೆಯನ್ನು ಮುಂದುವರಿಸಬೇಕು. 3524ನ್ನು ಆರಿಸಿದರೆ:

5432 − 2345 = 3087
8730 − 0378 = 8352
8532 − 2358 = 6174

ಮುಂದೆ 7641ರಿಂದ 1467ನ್ನು ಕಳೆದರೂ ದೊರೆಯುವುದು 6174 ಮಾತ್ರ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಇಲ್ಲಿಗೇ ಬಂದು ನಿಲ್ಲುತ್ತದೆ. ಇದು ಮಾಯೆಯಲ್ಲ. ಅರ್ಹವಾದ 8991 ಸಂಖ್ಯೆಗಳು ಮೊದಲ ವ್ಯವಕಲನದಲ್ಲಿಯೇ ಕೇವಲ 54 ಉತ್ತರಗಳಿಗೆ ಇಳಿಯುತ್ತವೆ. ಅವೆಲ್ಲವೂ 9ರಿಂದ ಭಾಗವಾಗುತ್ತವೆ. ಆ 54ನ್ನೂ ವಿದ್ಯಾರ್ಥಿಯೊಬ್ಬನು ಕೈಯಾರೆ ಪರೀಕ್ಷಿಸಬಲ್ಲನು.

ಇಂತಹ ಶೋಧಗಳನ್ನು ಕ್ಷುಲ್ಲಕವೆಂದು ಬಗೆದ ವಿದ್ವಾಂಸರೂ ಇದ್ದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಕಾಪ್ರೇಕರರ ಹೆಸರು ಜಗತ್ತಿಗೆ ತಿಳಿಯಿತು. ಆ ವೇಳೆಗೆ ಅವರು ನಿವೃತ್ತರಾಗಿ ಹದಿಮೂರು ವರ್ಷಗಳು ಸಂದಿದ್ದವು. ಮನ್ನಣೆ ತಡವಾಯಿತೆಂದು ಅವರ ಲೆಕ್ಕ ನಿಂತಿರಲಿಲ್ಲ.