ಯಾದವಗಿರಿಯ ಗಾಡಿಯೂ ಕದ್ದು ನುಗ್ಗುವ ಗಾಳಿಯೂ

ಮೈಸೂರಿಗೆ ಸಂಸಾರಸಮೇತರಾಗಿ ಬರುವವರು ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಸಂಜೆಗೆ ಕನ್ನಂಬಾಡಿಯ ಬೃಂದಾವನ ಎಂದು ದಿನವನ್ನು ಹಂಚಿಕೊಳ್ಳುವುದು ವಾಡಿಕೆ. ರೈಲು ನಿಲ್ದಾಣಕ್ಕೆ ಸಮೀಪದ ಯಾದವಗಿರಿಯ ಕಡೆಗೆ ಅವರ ಗಮನ ಹರಿಯುವುದು ವಿರಳ. ರಾಮಕೃಷ್ಣಾಶ್ರಮ, ಆಕಾಶವಾಣಿ, ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ವಾಸವಾಗಿದ್ದ ಮನೆ ಇವೆಲ್ಲವನ್ನೂ ಒಳಗೊಂಡ ಈ ಪ್ರಶಾಂತ ಬಡಾವಣೆಗೆ ಒಂದು ಕಾಲದಲ್ಲಿ ಇನ್ನೊಂದು ಹೆಗ್ಗುರುತಿತ್ತು. ಅದು ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ.

ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಇಲ್ಲಿ ಗಾಡಿಗಳ ತಯಾರಿಕೆ ಆರಂಭವಾಯಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರನ್ನು ಧರಿಸಿದವು. ಒಂದೇ ಸನ್ನೆಗೋಲನ್ನು ಕಿಕ್ಕರ್ ಆಗಿಯೂ ಗೇರ್ ಆಗಿಯೂ ಬಳಸುವ ಅದರ ಚಮತ್ಕಾರವನ್ನು ಅಂದಿನ ಹುಡುಗರು ಬೆರಗಿನಿಂದ ನೋಡುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೊಂದು ಸಂಸ್ಥೆಯ ಮೂಲಕ ಮರಳಿ ಬಂದವಾದರೂ ಆ ಗಾಡಿಗಳು ಬೇರೆ, ಅವುಗಳ ಎಂಜಿನ್ನಿನ ಬಗೆಯೂ ಬೇರೆ. ಹಳೆಯ ಗಾಡಿಗಳ ಅಭಿಮಾನಿಗಳು ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ-ಯೆಜ್ಡಿ ದಿನವೆಂದು ಆಚರಿಸುತ್ತಾರೆ.

ಕಾರ್ಖಾನೆ ಮುಚ್ಚಿದರೂ ಆ ವಿದ್ಯೆ ಊರನ್ನು ಬಿಟ್ಟು ಹೋಗಿಲ್ಲ. ಮೈಸೂರಿನ ಒಂದು ಓಣಿಯಲ್ಲಿ, ಬೇವಿನ ನೆರಳಿನಲ್ಲಿರುವ ಚಿಕ್ಕ ಗ್ಯಾರೇಜಿನಲ್ಲಿ ಅರ್ಧ ದಿನ ಕಳೆಯುವ ಅವಕಾಶ ಈ ಲೇಖಕನಿಗೆ ಒದಗಿತು. ಅಲ್ಲಿಯ ಮೇಸ್ತ್ರಿಗಳು ವಯೋವೃದ್ಧರು, ಮಿತಭಾಷಿಗಳು. ತರುಣನೊಬ್ಬ ತನ್ನ ತಾತನ ಕಾಲದ ಯೆಜ್ಡಿಯನ್ನು ತಳ್ಳಿಕೊಂಡು ಬಂದಿದ್ದನು. ಮರುದಿನ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಸಂಕಲ್ಪ ಅವನದು.

“ಮೇಸ್ತ್ರಿಗಳೇ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯುವುದಿಲ್ಲ, ಕೂಗುತ್ತಲೇ ಇರುತ್ತದೆ. ಒಮ್ಮೊಮ್ಮೆ ನಿಂತಲ್ಲೇ ಆರಿಹೋಗುತ್ತದೆ. ಹೊಸ ಕಾರ್ಬ್ಯುರೇಟರ್ ತಂದುಬಿಡಲೇ?”

“ತಾಳಪ್ಪ. ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಕೊಳ್ಳಬಾರದು” ಎಂದರು ಅವರು.

ಅನಂತರ ನಡೆದ ಪರೀಕ್ಷೆ ಗೃಹಸ್ಥರೆಲ್ಲರೂ ಅರಿಯತಕ್ಕದ್ದು. ಮೊದಲು ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಆಗ ವೇಗ ಬದಲಾಗಿದ್ದರೆ ದೋಷ ಆಕ್ಸಿಲರೇಟರ್ ಕೇಬಲ್ಲಿನದು. ಬದಲಾಗಲಿಲ್ಲ. ಬಳಿಕ ಐಡಲ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿದರು. ಎಂಜಿನ್ ಆರಬೇಕಿತ್ತು, ಆದರೆ ಓಡುತ್ತಲೇ ಇತ್ತು. ಅಂದರೆ ಕಾರ್ಬ್ಯುರೇಟರಿನ ಬಾಗಿಲನ್ನು ಮುಚ್ಚಿದರೂ ಗಾಳಿ ಬೇರೆಲ್ಲಿಂದಲೋ ಒಳನುಗ್ಗುತ್ತಿದೆ. ಚೋಕನ್ನು ತುಸು ಹಾಕಿದಾಗ ಎಂಜಿನ್ ಉಸಿರುಕಟ್ಟುವ ಬದಲು ಸಮಾಧಾನಗೊಂಡಿತು. ಪ್ಲಗ್ ಕಳಚಿ ನೋಡಿದರೆ ಅದರ ತುದಿ ಕಾಫಿಪುಡಿಯ ಬಣ್ಣಕ್ಕಿರದೆ ಬೆಳ್ಳಗಿತ್ತು. ಪೆಟ್ರೋಲಿನ ಪಾಲು ಕಡಿಮೆ, ಗಾಳಿಯ ಪಾಲು ಹೆಚ್ಚು ಎಂಬುದಕ್ಕೆ ಇವು ಲಕ್ಷಣಗಳು.

ಜೆಟ್ಟಿನಲ್ಲಿ ಕಸ ಕಟ್ಟಿದರೂ ಪೆಟ್ರೋಲು ಕಡಿಮೆಯಾಗುವುದುಂಟು. ಆದುದರಿಂದ ಗಾಳಿಯ ಕಳ್ಳದಾರಿಯನ್ನು ಪ್ರತ್ಯಕ್ಷವಾಗಿ ಕಾಣಬೇಕು. ಮೇಸ್ತ್ರಿಗಳು ಕುಂಚವೊಂದನ್ನು ಸಾಬೂನು ನೀರಿನಲ್ಲಿ ಅದ್ದಿ, ಎಂಜಿನ್ ಓಡುತ್ತಿರುವಂತೆಯೇ ಒಂದೊಂದು ಸಂದಿಗೂ ಸವರುತ್ತ ಹೋದರು. ಕಾರ್ಬ್ಯುರೇಟರ್ ಎಂಜಿನ್ನಿಗೆ ಸೇರುವ ಫ್ಲಾಂಜಿನ ಕೆಳಬದಿಗೆ ನೀರು ತಾಗಿದೊಡನೆ ಶಬ್ದ ಬದಲಾಯಿತು. ಅಲ್ಲಿಗೆ ಗ್ರೀಸ್ ಮೆತ್ತಿದಾಗ ಕೂಗು ನಿಂತು ಎಂಜಿನ್ ತಗ್ಗಿತು. ಕೆಲವರು ಈ ಪರೀಕ್ಷೆಗೆ ಪೆಟ್ರೋಲನ್ನೇ ಸಿಂಪಡಿಸುವುದುಂಟು. ಕಾದ ಸೈಲೆನ್ಸರಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನವೇ ಸರಿ.

ಬಿಚ್ಚಿದ ಫ್ಲಾಂಜನ್ನು ಗಾಜಿನ ಮೇಲಿಟ್ಟು ನೋಡಿದರೆ ನಡುವೆ ಬೆಳಕು ತೂರುತ್ತಿತ್ತು. ಸೋರಿಕೆ ನಿಲ್ಲಲೆಂದು ಹಿಂದೆ ಯಾರೋ ನಟ್ಟುಗಳನ್ನು ಅತಿಯಾಗಿ ಬಿಗಿದು ಅದನ್ನು ಬಾಗಿಸಿದ್ದರು. ಗಾಜಿನ ಮೇಲೆ ಎಮರಿ ಕಾಗದ ಹಾಸಿ ಫ್ಲಾಂಜನ್ನು ಮೆಲ್ಲಗೆ ಉಜ್ಜಿ ಸಮಗೊಳಿಸಿದರು. ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿ, ಎರಡು ನಟ್ಟುಗಳನ್ನೂ ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿದರು. ಹೊಸ ಕಾರ್ಬ್ಯುರೇಟರ್ ಬೇಕಾಗಲೇ ಇಲ್ಲ. ತಂದಿದ್ದರೂ ಹಳೆಯ ಗ್ಯಾಸ್ಕೆಟ್ಟಿನ ಮೇಲೆಯೇ ಅದನ್ನು ಕೂರಿಸಿದ್ದರೆ ಕಾಯಿಲೆ ಉಳಿದುಕೊಳ್ಳುತ್ತಿತ್ತು.

ಇಷ್ಟಕ್ಕೂ ಗುಣ ಕಾಣದಿದ್ದರೆ? ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಮೊದಲು ಕ್ರ್ಯಾಂಕ್ ಕೋಣೆಗೆ ಇಳಿದು, ಅಲ್ಲಿಂದ ಪಿಸ್ಟನ್ನಿನ ಮೇಲಕ್ಕೆ ಏರುತ್ತದೆ. ಹೀಗಾಗಿ ಆ ಕೋಣೆಯೂ ಗಾಳಿಯಾಡದಂತಿರಬೇಕು. ವರ್ಷಗಳು ಕಳೆದಂತೆ ಅಲ್ಲಿಯ ಆಯಿಲ್ ಸೀಲಿನ ರಬ್ಬರ್ ಗಟ್ಟಿಯಾಗುತ್ತದೆ. ಡೈನಮೊ ಕಡೆಯ ಸೀಲು ಸೋತರೆ ಗಾಳಿ ನುಗ್ಗುತ್ತದೆ. ಕ್ಲಚ್ ಕಡೆಯದು ಸೋತರೆ ಗೇರ್ ಆಯಿಲ್ ಒಳಸೇರಿ ದಟ್ಟ ಬಿಳಿಹೊಗೆ ಬರುತ್ತದೆ, ಆಯಿಲಿನ ಮಟ್ಟವೂ ಇಳಿಯುತ್ತದೆ. ಈ ಸೀಲುಗಳ ದೋಷವನ್ನು ಹೊರಗಿನ ಕುಂಚ ತೋರಿಸಲಾರದು. ಒಳದಾರಿ ಹೊರದಾರಿಗಳೆರಡನ್ನೂ ಮುಚ್ಚಿ, ಅಲ್ಪ ಒತ್ತಡದ ಗಾಳಿ ತುಂಬಿ, ಅದು ನಿಲ್ಲುವುದೋ ಸೋರುವುದೋ ನೋಡಬೇಕು.

ಇದೆಲ್ಲ ಬರಿಯ ಶಬ್ದದ ಕಿರಿಕಿರಿ ಎಂದು ಭಾವಿಸಲಾಗದು. ಈ ಎಂಜಿನ್ನಿಗೆ ಎಣ್ಣೆ ದೊರೆಯುವುದು ಪೆಟ್ರೋಲಿನ ಜೊತೆಯಲ್ಲಿಯೇ. ಗಾಳಿ ಹೆಚ್ಚಾದರೆ ಬಿಸಿ ಏರುತ್ತದೆ, ಪಿಸ್ಟನ್ ಕಚ್ಚಿಕೊಳ್ಳಬಹುದು, ಓಡುತ್ತಿರುವ ಗಾಡಿಯ ಹಿಂಗಾಲಿ ಹಠಾತ್ತನೆ ಬಿಗಿದುಕೊಳ್ಳಬಹುದು. ತಾಳಬೆಟ್ಟದ ಮೇಲಿನ ತಿರುವುಗಳಲ್ಲಿ ಇಳಿಯುವಾಗ ವೇಗ ತಗ್ಗದ ಎಂಜಿನ್ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಅಂಥ ಸಂದರ್ಭ ಒದಗಿದರೆ ಗಾಬರಿಯಾಗದೆ ಕ್ಲಚ್ ಹಿಡಿದು, ಬ್ರೇಕ್ ಒತ್ತಿ, ಇಗ್ನಿಷನ್ ಆರಿಸಬೇಕು. ಐಡಲ್ ಸ್ಕ್ರೂ ತಿರುಗಿಸಿ ಶಬ್ದವನ್ನಷ್ಟೇ ತಗ್ಗಿಸಿಕೊಂಡು ಪ್ರಯಾಣ ಹೊರಡುವುದು ರೋಗವನ್ನು ಮರೆಮಾಚಿದಂತೆ.

ಮನೆಯಲ್ಲಿ ಹಿರಿಯರ ಕಾಲದ ಗಾಡಿಯನ್ನು ಉಳಿಸಿಕೊಂಡಿರುವವರು ಘಟ್ಟದ ಪ್ರಯಾಣಕ್ಕೆ ಒಂದು ವಾರ ಮುಂಚೆಯೇ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಲೇಸು. ಮೈಸೂರಿಗೆ ಬಂದಾಗ ಯಾದವಗಿರಿಯ ಬೀದಿಗಳಲ್ಲಿಯೂ ಒಂದು ಸಂಜೆ ಅಡ್ಡಾಡಿರಿ. ಆ ಗಾಡಿಗಳ ಮರ್ಮ ಬಲ್ಲ ಹಿರಿಯ ಮೇಸ್ತ್ರಿಗಳು ಊರಿನಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕುಳಿತು ಕಲಿಯುವ ಹುಡುಗರು ಮಾತ್ರ ಕಡಿಮೆ. ಮಕ್ಕಳಿಗೆ ಆಸಕ್ತಿಯಿದ್ದರೆ ಒಂದು ದಿನ ಅಲ್ಲಿಗೆ ಕರೆದೊಯ್ಯಿರಿ.